ಮೇಜಿನ ಮೇಲಿನ ಆಸ್ಪತ್ರೆ

"ಮಾಡಿಟ್ಟ ಅಡುಗೆ ಬಡಿಸೋದು ತಾನೇ, ಅದಕ್ಯಾಕೆ ಇಷ್ಟು ಯೋಚನೆ?" ಎಂದು ಮುಖ್ಯಸ್ಥರು ನಕ್ಕಾಗ ಅವಳೂ ನಕ್ಕಳು. ನಗದೆ ಇನ್ನೇನು ಮಾಡುವುದು. ಆದರೆ ಅವರ ಕೋಣೆಯಿಂದ ಹೊರಬಿದ್ದು ಮೆಟ್ಟಿಲಿಳಿಯುವಾಗ ಕೈಲಿದ್ದ ಯೋಜನೆಯ ಹಾಳೆಗಳನ್ನು ಮತ್ತೆ ಮೊದಲಿಂದ ತಿರುವಿದಳು.

ಅವಳು ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವವಳು. ಎಲ್ಲ ಸರಿಯಿದ್ದರೆ ಅಂಥವಳೊಬ್ಬಳು ಇದ್ದಾಳೆಂದೇ ಯಾರಿಗೂ ಗೊತ್ತಿಲ್ಲ. ಕೆಟ್ಟರೆ ಮಾತ್ರ ಎಲ್ಲ ಮಹಡಿಗಳ ಬಾಯಲ್ಲೂ ಅವಳೇ. ಕಟ್ಟಡದ ತಂತಿಗಳೆಲ್ಲ ಕೊನೆಗೆ ಬಂದು ಸೇರುವುದು ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿದ್ದ ಎರಡು ದೊಡ್ಡ ಸ್ವಿಚ್‌ಗಳಿಗೆ. ಒಂದು ಸಾಧನದ ಮಾತನ್ನು ಇನ್ನೊಂದಕ್ಕೆ ದಾಟಿಸುವ ಆ ಪೆಟ್ಟಿಗೆಗಳಿಗೆ ವಯಸ್ಸಾಗಿತ್ತು. ಭಾನುವಾರ ಬೆಳಿಗ್ಗೆ ಅವನ್ನು ಕಿತ್ತು ಹೊಸ ಜೋಡಿ ಕೂರಿಸಬೇಕು. ಹೇಗೆ ಕೂರಿಸಬೇಕೆಂದು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಿದ್ದ ಹಿರಿಯ ಇಂಜಿನಿಯರ್ ಹೋದ ವಾರವಷ್ಟೇ ಬೇರೆ ಕೆಲಸ ಹಿಡಿದು ಹೋಗಿದ್ದ. ಬರೆದವನು ಬರೆದು ಹೋದ, ಮಾಡುವ ಪಾಲು ಇವಳ ತಲೆಗೆ ಬಂತು.

ಲಿಫ್ಟಿನ ಬಳಿ ಐಸಿಯುವಿನ ಹೆಡ್ ನರ್ಸ್ ಸಿಕ್ಕಿದರು. ಗಟ್ಟಿ ಹೆಂಗಸು, ಡಾಕ್ಟರುಗಳೂ ಅವರ ಮುಂದೆ ದನಿ ತಗ್ಗಿಸುತ್ತಿದ್ದರು.

"ನೋಡಮ್ಮಾ, ನಿನ್ನ ಸ್ವಿಚ್ಚು ಗಿಚ್ಚು ನಂಗೆ ತಿಳಿಯಲ್ಲ. ಒಂದೇ ಮಾತು ಹೇಳು. ಭಾನುವಾರ ಆದ್ಮೇಲೆ ನನ್ನ ಪಂಪುಗಳು ಕೂಗಿದ್ರೆ ನಮ್ಮ ಟೇಬಲ್‌ಗೆ ಕೇಳುತ್ತೋ ಇಲ್ವೋ?"

ಐಸಿಯುವಿನ ಪ್ರತಿ ಹಾಸಿಗೆಯ ಪಕ್ಕದಲ್ಲೂ ಔಷಧಿಯನ್ನು ತೊಟ್ಟು ತೊಟ್ಟಾಗಿ ಮೈಗೆ ಇಳಿಸುವ ಪಂಪು ಇರುತ್ತದೆ. ಔಷಧಿ ಮುಗಿದರೆ, ಕೊಳವೆ ಮಡಚಿಕೊಂಡರೆ ಅದು ಕೂಗಿಕೊಳ್ಳುತ್ತದೆ. ಆ ಕೂಗು ನೆಟ್‌ವರ್ಕಿನ ಮೂಲಕ ನರ್ಸುಗಳ ಟೇಬಲ್ಲಿಗೆ ಹೋಗಬೇಕು. ಒಬ್ಬೊಬ್ಬ ನರ್ಸ್ ನಾಲ್ಕಾರು ಹಾಸಿಗೆ ನೋಡುವ ಕಡೆ ಅದೇ ಅವರ ಕಿವಿ.

"ಕೇಳುತ್ತೆ," ಎಂದಳು ಅವಳು.

"ನೋಡಿ ಹೇಳ್ತಿದ್ದೀಯೋ, ನಂಬಿ ಹೇಳ್ತಿದ್ದೀಯೋ?"

ಲಿಫ್ಟ್ ಬಂತು, ಅವರು ಹತ್ತಿ ಹೋದರು. ಅವಳಿಗೆ ಉತ್ತರ ಗೊತ್ತಿತ್ತು. ನಂಬಿ ಹೇಳಿದ್ದಳು. ಅದೂ ಅರೆ ನಂಬಿಕೆ. ಯೋಜನೆಯನ್ನು ಎಷ್ಟು ಸಲ ಓದಿದರೂ ಎಲ್ಲೋ ಏನೋ ಚುಚ್ಚುತ್ತಿತ್ತು, ಎಲ್ಲಿ ಎಂದು ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ನೋಡಿ ಹೇಳಬೇಕೆಂದರೆ ಮೊದಲು ಮಾಡಿ ನೋಡಬೇಕು. ಆಸ್ಪತ್ರೆಯಲ್ಲಿ ಅದಕ್ಕೆಂದು ಬಿಡಿ ಸ್ವಿಚ್‌ಗಳಿರಲಿಲ್ಲ. ಇದ್ದ ದಾರಿ ಒಂದೇ: ವಿಂಡೋಸ್ ಬದಲು ಲಿನಕ್ಸ್ ಹಾಕಿದ ಒಂದು ಕಂಪ್ಯೂಟರಿನೊಳಗೆ ಇಡೀ ನೆಟ್‌ವರ್ಕನ್ನು ಸಿಮ್ಯುಲೇಟ್ ಮಾಡುವುದು, ಬೊಂಬೆಯಾಟದ ಹಾಗೆ. ಅದಕ್ಕೆ ಬಲವಾದ ಯಂತ್ರ ಬೇಕು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ, ಅದು ತಂಗಿಯದು.

ಅಕ್ಕ ತಂಗಿ ಇಬ್ಬರೇ ಇದ್ದ ಮನೆ. ತಂಗಿ ಜಾಹೀರಾತಿನ ವಿಡಿಯೋಗಳನ್ನು ಎಡಿಟ್ ಮಾಡುವವಳು. ಊಟದ ಮೇಜಿನ ಅರ್ಧ ಅವಳ ಯಂತ್ರಕ್ಕೆ, ಉಳಿದರ್ಧ ತಟ್ಟೆಗಳಿಗೆ. ಆ ಯಂತ್ರದ ಮೇಲೆ ಧೂಳು ಕೂತರೆ ತನ್ನ ಮೈಮೇಲೆ ಕೂತಂತೆ ಆಡುತ್ತಿದ್ದಳು.

"ಲಿನಕ್ಸ್ ಹಾಕ್ತೀಯಾ? ಇದಕ್ಕಾ?" ತಂಗಿ ಎರಡೂ ಕೈ ಚಾಚಿ ಯಂತ್ರಕ್ಕೆ ಅಡ್ಡ ನಿಂತಳು. "ನನ್ನ ಡಿಸ್ಕ್ ಮುಟ್ಟಿದ್ರೆ ಅಕ್ಕ ಅಂತಾನೂ ನೋಡಲ್ಲ, ಹೇಳಿದ್ದೀನಿ."

"ಮುಟ್ಟಲ್ಲ ಕಣೇ. ಬೇರೆ ಡಿಸ್ಕ್ ತಂದಿದ್ದೀನಿ. ಅದರಿಂದಾನೇ ಶುರುವಾಗೋ ಹಾಗೆ ಮಾಡ್ತೀನಿ."

"ಹಂಗೇ ಶುರು ಮಾಡಿ ಎಲ್ಲಾ ಕಳ್ಕೊಂಡವರ ಕಥೆ ನೂರಿದೆ."

ತಂಗಿ ಒಪ್ಪುವ ಮೊದಲೇ ಇನ್ನೊಂದು ತಲೆನೋವು ಎದುರಾಗಿತ್ತು. ಯಾವ ಲಿನಕ್ಸ್? ಡೆಬಿಯನ್, ಉಬುಂಟು ಎಂದು ಅದರಲ್ಲಿ ಹತ್ತಾರು ಬಗೆ. ಕೆಲಸದಲ್ಲಿ ಯಾರೋ ಹಾಕಿಕೊಟ್ಟದ್ದನ್ನು ಬಳಸಿ ಗೊತ್ತೇ ಹೊರತು ತಾನಾಗಿ ಆರಿಸಿದ್ದಿಲ್ಲ. ಇಂಟರ್ನೆಟ್ಟಿನಲ್ಲಿ ಕೇಳಿದರೆ ಬಾಯಿಗೊಂದು ಮಾತು. ಇದ್ದ ವಿಂಡೋಸ್ ಒಳಗೇ ವರ್ಚುವಲ್ ಯಂತ್ರವಾಗಿ ನಡೆಸು ಎಂದನೊಬ್ಬ. ಹಾಗೆ ಮಾಡಿದರೆ ಯಂತ್ರದೊಳಗೆ ಯಂತ್ರ, ಅದರೊಳಗೆ ಮತ್ತೊಂದು, ಅರ್ಧ ಮೆಮೊರಿ ಅದಕ್ಕೇ ಸ್ವಾಹಾ ಎಂದನಿನ್ನೊಬ್ಬ. ಹೊಸದೇ ಬೇಕು ಎಂದರು, ಹಳೆಯದೇ ಗಟ್ಟಿ ಎಂದರು. ಓದುತ್ತ ಹೋದಷ್ಟೂ ಭಾನುವಾರ ಹತ್ತಿರ ಬರುತ್ತಿತ್ತು.

ಕಚೇರಿಯಲ್ಲಿ ಪಕ್ಕದ ಕುರ್ಚಿಯವನಿಗೆ ಪೆಂಗ್ವಿನ್ ಎಂದೇ ಹೆಸರು. ಅವನ ಲ್ಯಾಪ್‌ಟಾಪಿನ ಬೆನ್ನ ತುಂಬ ಲಿನಕ್ಸಿನ ಆ ಹಕ್ಕಿಯದೇ ಚಿತ್ರ. ಅವನನ್ನು ಕೇಳಿದಳು.

"ರೆಡಿಮೇಡ್ ಹಾಕ್ಕೊಂಡ್ರೆ ಏನೂ ಕಲಿಯಲ್ಲ," ಎಂದ ಪೆಂಗ್ವಿನ್. "ಖಾಲಿ ಡೆಬಿಯನ್ ಹಾಕು, ಡೆಸ್ಕ್‌ಟಾಪ್ ಗಿಸ್ಕ್‌ಟಾಪ್ ಏನೂ ಬೇಡ. ಹಗುರ ಇರುತ್ತೆ. ತಂತಿ ಬೇಕಾದ ಕಡೆ ಒಂದೊಂದು ಬ್ರಿಡ್ಜ್ ಮಾಡ್ಕೋ, ಎರಡು ಕಡೆಯಿಂದಲೂ ಅದಕ್ಕೆ ಜೋಡಿಸು. ಮುಗೀತು."

ಹೇಳುವವನ ಧೈರ್ಯ ಕೇಳುವವರಿಗೂ ಅಂಟುತ್ತದೆ. ಸಂಜೆ ಮನೆಗೆ ಬಂದು ಶುರುಮಾಡಿದಳು. ಎಲ್ಲಿಗೆ ಹಾಕಲಿ ಎಂದು ಲಿನಕ್ಸ್ ಕೇಳಿತು. ಪರದೆಯ ಮೇಲೆ ಎರಡು ಡಿಸ್ಕುಗಳು. ಒಂದಕ್ಷರ ಬಿಟ್ಟರೆ ಒಂದೇ ಥರದ ಹೆಸರು. ಒಂದರಲ್ಲಿ ತಂಗಿಯ ಅಷ್ಟೂ ದುಡಿಮೆ. ಅವಳು ಎರಡೂ ಹೆಸರನ್ನು ಮತ್ತೆ ಮತ್ತೆ ಓದಿದಳು. ತಂಗಿ ಗಲ್ಲಕ್ಕೆ ಕೈಕೊಟ್ಟು ಕೂತು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಎದ್ದು ಯಂತ್ರ ಆರಿಸಿ, ಸ್ಕ್ರೂಡ್ರೈವರ್ ತಂದು ಪಕ್ಕದ ತಗಡು ಬಿಚ್ಚಿದಳು.

"ಏನೇ ಮಾಡ್ತಿದ್ದೀಯ?"

"ನನ್ನ ಡಿಸ್ಕ್ ಕಿತ್ತಿಡ್ತೀನಿ. ಇಲ್ದೇ ಇರೋದನ್ನ ನೀನು ಅಳಿಸೋಕಾಗಲ್ಲ ತಾನೇ?"

ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ಕೂಸನ್ನೆತ್ತಿಕೊಂಡಂತೆ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಅಕ್ಕ ಅಂದು ನಿರಾಳವಾಗಿ ನಕ್ಕದ್ದು ಅದೊಂದೇ ಸಲ.

ಡೆಬಿಯನ್ ಕೂತಿತು. ಎರಡು ಹಳೆಯ, ಎರಡು ಹೊಸ ಸ್ವಿಚ್‌ಗಳು, ಅವುಗಳ ಕೆಳಗೆ ಮಹಡಿಗಳು, ಕೊನೆಯಲ್ಲಿ ಪಂಪುಗಳೆಂದು ನಟಿಸುವ ಪುಟ್ಟ ಪುಟ್ಟ ಲಿನಕ್ಸ್‌ಗಳು. ತಂತಿಯ ಬದಲು ಒಂದೊಂದಾಗಿ ಬ್ರಿಡ್ಜ್, ಅಂದರೆ ಸಾಫ್ಟ್‌ವೇರಿನ ಸೇತುವೆ, ಮಾಡಿ ಜೋಡಿಸಿದಳು. ಊಟದ ಮೇಜಿನ ಮೇಲೊಂದು ಆಸ್ಪತ್ರೆ ಎದ್ದು ನಿಂತಿತು. ಆಮೇಲೆ ಯೋಜನೆಯಲ್ಲಿ ಬರೆದ ಹಾಗೆ, ಅದೇ ಕ್ರಮದಲ್ಲಿ ಹಳೆಯದನ್ನು ಆರಿಸಿ ಹೊಸದಕ್ಕೆ ಬದಲಾಯಿಸಿದಳು.

ಎಲ್ಲ ಸತ್ತುಹೋಯಿತು.

ಹೊಸ ಸ್ವಿಚ್‌ಗಳೆರಡನ್ನೂ ಎರಡು ತಂತಿಗಳಿಂದ ಬಿಗಿದು, ಆ ಎರಡು ತಂತಿ ಒಂದೇ ಎಂಬಂತೆ ನಡೆಸುವುದು ಯೋಜನೆಯ ಬೆನ್ನೆಲುಬು. ಆ ಜೋಡಣೆಯೇ ಎದ್ದೇಳಲಿಲ್ಲ. ಇನ್ನೊಮ್ಮೆ ಮಾಡಿದಳು, ಮತ್ತೆ ಅದೇ. ಐಸಿಯುವಿನ ಪಂಪುಗಳೆಲ್ಲ ಮೂಕ. ತಂಗಿ ತಂದಿಟ್ಟ ತಟ್ಟೆಯ ಅನ್ನ ಒಣಗಿ ಕಾಳು ಕಾಳಾಯಿತು.

ಶುಕ್ರವಾರ ಬೆಳಿಗ್ಗೆ ಮುಖ್ಯಸ್ಥರ ಎದುರು ಹೋಗಿ ನಿಂತಳು. "ಸಾರ್, ಪ್ಲಾನ್‌ನಲ್ಲಿ ತಪ್ಪಿದೆ. ಮನೇಲಿ ಮಾಡಿ ನೋಡಿದೆ. ಇಡೀ ನೆಟ್‌ವರ್ಕ್ ಬಿದ್ದುಹೋಗುತ್ತೆ."

ಮುಖ್ಯಸ್ಥರ ಮುಖದಿಂದ ನಗು ಮಾಯವಾಯಿತು. ತಕ್ಷಣ ಹಿರಿಯ ಇಂಜಿನಿಯರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು. ಅವನು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: "ಎರಡು ಸ್ವಿಚ್ ಮಧ್ಯೆ ಏನು ಹಾಕಿದ್ದೀಯ?"

"ಲಿನಕ್ಸ್ ಬ್ರಿಡ್ಜ್."

ಅವನು ಗಟ್ಟಿಯಾಗಿ ನಕ್ಕುಬಿಟ್ಟ. "ಅಲ್ಲಮ್ಮಾ, ಆ ಸ್ವಿಚ್ಚುಗಳು ಒಂದಕ್ಕೊಂದು 'ಇದ್ದೀಯಾ, ಇದ್ದೀನಿ' ಅಂತ ಮಾತಾಡ್ಕೋತಾ ಇರ್ತವೆ. ಆ ಮಾತು ಪಕ್ಕದವನಿಗೆ ಮಾತ್ರ. ಮಧ್ಯ ಬ್ರಿಡ್ಜ್ ಇಟ್ರೆ, ಪಕ್ಕದವನು ನಾನೇ ಅಂತ ಅದು ನುಂಗಿಬಿಡುತ್ತೆ, ಮುಂದಕ್ಕೆ ಬಿಡಲ್ಲ. ಅದರ ನಿಯಮವೇ ಹಾಗೆ. ಆಸ್ಪತ್ರೇಲಿ ಮಧ್ಯ ಇರೋದು ಬರೀ ತಂತಿ. ಅಲ್ಲಿ ಏನೂ ಆಗಲ್ಲ."

ಫೋನಿಟ್ಟ ಮೇಲೆ ಮುಖ್ಯಸ್ಥರು ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು. "ಹೋಗು, ಸ್ವಲ್ಪ ರೆಸ್ಟ್ ತಗೋ," ಎಂದರು. ಹೊರಗೆ ಪೆಂಗ್ವಿನ್ ತಲೆ ಕೆರೆದುಕೊಂಡು ನಿಂತಿದ್ದ. "ಅಯ್ಯೋ, ಅದು ನಂಗೂ ಹೊಳೀಲೇ ಇಲ್ಲ ಕಣೇ." ಅವನ ಮೇಲೆ ಸಿಟ್ಟು ಬರಲಿಲ್ಲ. ನೆಲ ಬಾಯ್ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು, ಅಷ್ಟೇ.

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಬಿಡಲಾಗಲಿಲ್ಲ. ಮೇಜಿನ ಮೇಲಿನ ಆ ಲ್ಯಾಬ್ ಸುಳ್ಳು ಹೇಳಿತ್ತು ನಿಜ, ಆದರೆ ಅದು ಯೋಜನೆ ಸರಿ ಎಂದೂ ಹೇಳಿರಲಿಲ್ಲವಲ್ಲ. ಸಂಜೆ ಮತ್ತೆ ಮೇಜಿನ ಮುಂದೆ ಕೂತಳು. ಈ ಸಲ ಯಾರನ್ನೂ ಕೇಳಲಿಲ್ಲ. ಹಗುರವೋ ಭಾರವೋ, ಕಲಿಯುತ್ತೇನೋ ಬಿಡುತ್ತೇನೋ ಎಂಬುದೆಲ್ಲ ಅತ್ತ ಇಟ್ಟು ಸಿಕ್ಕಿದ ಸಿಮ್ಯುಲೇಟರುಗಳಲ್ಲೆಲ್ಲ ಒಂದೇ ಮಾತು ಹುಡುಕಿದಳು: ಎರಡು ಸ್ವಿಚ್‌ಗಳ ನಡುವೆ ಇದು ಏನನ್ನು ಇಡುತ್ತದೆ? ಒಂದು ಸಿಮ್ಯುಲೇಟರಿನ ಕೈಪಿಡಿಯಲ್ಲಿ ಉತ್ತರ ಸಿಕ್ಕಿತು. ಅದು ಇಬ್ಬರ ನಡುವೆ ನೇರ ಎಳೆ ಎಳೆಯುತ್ತಿತ್ತು, ಮಧ್ಯವರ್ತಿಯಿಲ್ಲ. ಅದನ್ನು ಬರೆದವರು ಪರೀಕ್ಷಿಸಿದ್ದು ಉಬುಂಟುವಿನ ವರ್ಷಗಟ್ಟಲೆ ಬೆಂಬಲ ಸಿಗುವ ಆವೃತ್ತಿಯ ಮೇಲೆ. ಹಾಗಾದರೆ ಅದೇ. ಡೆಬಿಯನ್ ಅಳಿಸಿ ಉಬುಂಟು ಹಾಕಿದಳು, ಅದರ ಮೇಲೆ ಸಿಮ್ಯುಲೇಟರ್. ಭಾರವಾಗಿತ್ತು, ಫ್ಯಾನು ಬುಸುಗುಟ್ಟಿತು.

"ಇದಾದ್ರೂ ನೋಡೋಕೆ ಮನುಷ್ಯರ ಥರ ಇದೆ," ಎಂದಳು ತಂಗಿ, ಬಣ್ಣದ ಪರದೆ ನೋಡಿ. "ನನ್ನ ಗಿರಾಕಿಗೆ ಸೋಮವಾರ ಅಂತ ಹೇಳಿದ್ದೀನಿ. ಅಷ್ಟರೊಳಗೆ ನಿನ್ನ ಆಸ್ಪತ್ರೆ ಗುಡಿಸಿ ಸಾರಿಸಿಬಿಡು."

ಶನಿವಾರ ಬೆಳಿಗ್ಗೆ ಯೋಜನೆಯನ್ನು ಮೊದಲಿಂದ ನಡೆಸಿದಳು. ಜೋಡಣೆ ಎದ್ದಿತು. ಎಲ್ಲ ದೀಪಗಳೂ ಹಸಿರು. ಪಂಪುಗಳು ಒಂದೂ ಬಿಡದೆ ಮಾತಾಡುತ್ತಿದ್ದವು. ಖುಷಿಪಡಬೇಕಿತ್ತು. ಬದಲಿಗೆ ಅನುಮಾನ ಇನ್ನೂ ಹೆಚ್ಚಾಯಿತು. ನಿನ್ನೆ ಹಗ್ಗವನ್ನು ಹಾವೆಂದು ಕಿರುಚಿದ್ದಳು. ಇವತ್ತು ಹಾವೇ ಹಗ್ಗದ ಹಾಗೆ ಬಿದ್ದುಕೊಂಡಿದ್ದರೆ?

ಎದ್ದು ಹೋಗಿ ಮುಖ ತೊಳೆದು ಬಂದು ನೋಡಿದರೆ ಒಂದು ಪಂಪು ಇರಲಿಲ್ಲ.

ಗಾಬರಿಯಿಂದ ಯಂತ್ರ ಬರೆದಿಟ್ಟುಕೊಂಡಿದ್ದ ದಾಖಲೆ ತೆಗೆದು ನೋಡಿದಳು. ಮೆಮೊರಿ ಸಾಲದೆ ಹೋದಾಗ ಲಿನಕ್ಸ್ ಉಳಿದವರನ್ನು ಬದುಕಿಸಲು ಒಬ್ಬರನ್ನು ಬಲಿ ಕೊಡುತ್ತದೆ. ಐಸಿಯುವಿನ ಒಂದು ಪಂಪನ್ನು ಕೊಂದಿತ್ತು. ಸರಿ, ಎಂದು ಅದನ್ನು ಮತ್ತೆ ಹಚ್ಚಿದಳು. ಹತ್ತಿತು, ಆದರೆ ಮಾತಾಡಲಿಲ್ಲ. ಅದಕ್ಕೆ ವಿಳಾಸ ಸಿಕ್ಕಿರಲಿಲ್ಲ.

ನೆಟ್‌ವರ್ಕಿನಲ್ಲಿ ಯಾವ ಸಾಧನ ಹೊಸದಾಗಿ ಹತ್ತಿದರೂ ಮೊದಲು 'ನನಗೊಂದು ವಿಳಾಸ ಕೊಡಿ' ಎಂದು ಕೂಗುತ್ತದೆ. ಆ ಕೂಗು ತನ್ನ ಮಹಡಿ ದಾಟಲಾರದು. ಅದನ್ನು ಎತ್ತಿ ವಿಳಾಸ ಹಂಚುವ ಸರ್ವರಿಗೆ ದಾಟಿಸಬೇಕಾದ್ದು ಸ್ವಿಚ್ಚು. ಅವಳು ಬೇರೆ ಮಹಡಿಯ ಒಂದು ಸಾಧನವನ್ನು ಆಫ್ ಮಾಡಿ ಮತ್ತೆ ಹಚ್ಚಿದಳು. ತಕ್ಷಣ ವಿಳಾಸ ಸಿಕ್ಕಿತು. ಐಸಿಯುವಿನ ಇನ್ನೊಂದು ಪಂಪು ಆರಿಸಿ ಹಚ್ಚಿದಳು. ಸಿಗಲಿಲ್ಲ. ಮೆಮೊರಿಯ ದೋಷವೇ ಇರಬಹುದೆಂದು ಬೇಡದ್ದನ್ನೆಲ್ಲ ಮುಚ್ಚಿ ಮತ್ತೆ ನೋಡಿದಳು. ಸಿಗಲಿಲ್ಲ.

ಮೊದಲೇ ಹತ್ತಿಕೊಂಡಿದ್ದ ಪಂಪುಗಳು, ಆಸ್ಪತ್ರೆಯ ಪಟ್ಟಿ ನೋಡಿ ಶುರುವಿನಲ್ಲಿ ಅವಳೇ ತುಂಬಿದ್ದ ಹಳೆಯ ವಿಳಾಸದಲ್ಲೇ ಹಾಯಾಗಿದ್ದವು. ಅಂದರೆ ಭಾನುವಾರ ಬೆಳಿಗ್ಗೆ ನೋಡಿದವರಿಗೆ ಎಲ್ಲ ಹಸಿರಾಗಿಯೇ ಕಾಣುತ್ತದೆ. ಆಮೇಲೆ ಹೊಸ ರೋಗಿ ಬರುತ್ತಾರೆ, ನರ್ಸ್ ಪಂಪು ಹಚ್ಚುತ್ತಾಳೆ, ಔಷಧಿ ಮುಗಿಯುತ್ತದೆ, ಟೇಬಲ್ಲಿಗೆ ಏನೂ ಕೇಳಿಸುವುದಿಲ್ಲ.

ಯೋಜನೆ ತೆಗೆದಳು. ಸ್ವಿಚ್ಚಿಗೆ ಕೊಡಬೇಕಾದ ಆಜ್ಞೆಗಳಲ್ಲಿ, ವಿಳಾಸ ಕೇಳುವ ಕೂಗನ್ನು ದಾಟಿಸಲು ಪ್ರತಿ ಮಹಡಿಗೂ ಒಂದು ಸಾಲು ಇತ್ತು. ಐಸಿಯುಗೆ ಇರಲಿಲ್ಲ. ಇಷ್ಟು ದಿನ ಚುಚ್ಚುತ್ತಿದ್ದದ್ದು ಇದೇ ಎಂದು ಕುರ್ಚಿಯಿಂದ ಅರ್ಧ ಎದ್ದಳು. ಆಮೇಲೆ ಇನ್ನೊಂದು ನೆನಪಾಗಿ ಕೂತಳು. ಹಳೆಯ ಸ್ವಿಚ್‌ಗಳಲ್ಲೂ ಐಸಿಯುಗೆ ಆ ಸಾಲು ಇರಲಿಲ್ಲ. ಆದರೂ ಇಷ್ಟು ವರ್ಷ ಪಂಪುಗಳಿಗೆ ವಿಳಾಸ ಸಿಗುತ್ತಲೇ ಇತ್ತು. ಹಾಗಾದರೆ ಇನ್ಯಾವುದೋ ಅದನ್ನು ದಾಟಿಸುತ್ತಿದೆ. ಯಾವುದು? ಎಲ್ಲಿದೆ? ಅದು ಅವಳ ಲ್ಯಾಬಿನಲ್ಲಿ ಇರಲಿಲ್ಲ. ಇದೂ ನಿನ್ನೆಯ ಬ್ರಿಡ್ಜಿನಂಥದ್ದೇ ಆಗಿದ್ದರೆ?

ಹಿರಿಯ ಇಂಜಿನಿಯರಿಗೆ ಫೋನು ಮಾಡಿದಳು. ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಮಾಡಿದಳು. ಇಲ್ಲ.

"ಮುಖ್ಯಸ್ಥರಿಗೆ ಹೇಳು," ಎಂದಳು ತಂಗಿ.

"ಹೆಂಗೆ ಹೇಳ್ಲಿ? ನಿನ್ನೆ ತೋಳ ಬಂತು ಅಂತ ಕೂಗಿ ಎಲ್ಲರ ಮುಂದೆ ಮಾನ ಕಳ್ಕೊಂಡಿದ್ದೀನಿ."

"ಹೋದ ಮಾನ ಇನ್ನೊಂದ್ಸಲ ಹೋಗಲ್ಲ. ಮಾಡು ಫೋನು."

ಮುಖ್ಯಸ್ಥರು ಯಾವುದೋ ಅಂಗಡಿಯಲ್ಲಿದ್ದಂತಿತ್ತು. ಹಿನ್ನೆಲೆಯಲ್ಲಿ ಜನರ ಗದ್ದಲ. "ಮತ್ತೆ ಲ್ಯಾಬಾ?" ಎಂದರು.

"ಹೌದು ಸಾರ್. ಇದೂ ಸುಳ್ಳಿರಬಹುದು. ನಂಗೆ ಗೊತ್ತಿಲ್ಲ." ಅವಳು ಉಸಿರು ತೆಗೆಯದೆ ಎಲ್ಲ ಹೇಳಿದಳು. "ಐಸಿಯುಗೆ ಆ ಒಂದು ಸಾಲು ಸೇರಿಸ್ಲಾ ಸಾರ್?"

"ಎಲ್ಲರೂ ಒಪ್ಪಿದ ಪ್ಲಾನನ್ನ ಹಿಂದಿನ ದಿನ ತಿದ್ದೋಕಾಗಲ್ಲ. ಬೇರೆ ಏನೋ ಆ ಕೆಲಸ ಮಾಡ್ತಿದೆ ಅಂತ ನೀನೇ ಹೇಳ್ತೀಯ. ಎರಡೂ ಸೇರಿ ಇನ್ನೇನಾದ್ರೂ ಆದ್ರೆ?"

"ಹಾಗಾದ್ರೆ ಒಂದೇ ಒಂದು ಕೇಳ್ತೀನಿ. ನಾಳೆ ಎಲ್ಲ ಮುಗಿದ ಮೇಲೆ, ಯಾರೂ ಹೊರಡೋಕೆ ಮುಂಚೆ, ಖಾಲಿ ಹಾಸಿಗೆಯ ಒಂದು ಪಂಪ್ ಆಫ್ ಮಾಡಿ ಮತ್ತೆ ಹಚ್ಚಿ ನೋಡೋಣ. ಮಾತಾಡಿದ್ರೆ ನನ್ನದೇ ತಪ್ಪು ಅಂತ ಎಲ್ಲರ ಮುಂದೆ ಒಪ್ಕೋತೀನಿ."

ಗದ್ದಲದ ನಡುವೆ ಮುಖ್ಯಸ್ಥರು ಯಾರಿಗೋ ಒಂದು ನಿಮಿಷ ಎಂದರು. "ಆಗ್ಲಿ," ಎಂದು ಫೋನಿಟ್ಟರು.

ಭಾನುವಾರದ ಕೆಲಸ ಬೆಣ್ಣೆಯಿಂದ ಕೂದಲು ತೆಗೆದಂತೆ ನಡೆಯಿತು. ಅದೇ ಅವಳನ್ನು ಇನ್ನಷ್ಟು ಹೆದರಿಸಿತು. ಬದಲಾವಣೆಯ ಹೊತ್ತಿನಲ್ಲಿ ಐಸಿಯುವಿನ ಪ್ರತಿ ಹಾಸಿಗೆಯ ಬಳಿ ಒಬ್ಬೊಬ್ಬ ನರ್ಸನ್ನು ನಿಲ್ಲಿಸಿದ್ದರು. ಹೊಸ ಸ್ವಿಚ್‌ಗಳು ಎದ್ದವು, ಜೋಡಣೆ ಎದ್ದಿತು, ಟೇಬಲ್ಲಿನ ಪರದೆಯಲ್ಲಿ ಪಂಪುಗಳೆಲ್ಲ ಹಸಿರು. ಪೆಂಗ್ವಿನ್ ಚಪ್ಪಾಳೆ ತಟ್ಟಿದ. ಮುಖ್ಯಸ್ಥರು ಅವಳ ಕಡೆ ನೋಡಿ, "ನಡಿ, ನಿನ್ನ ಪಂಪು ನೋಡಿಬಿಡೋಣ," ಎಂದರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಮಗುವಿನ ಹಟ ತೀರಿಸುವ ತಾಳ್ಮೆಯಿತ್ತು.

ಕಿಟಕಿಯ ಪಕ್ಕದ ಖಾಲಿ ಹಾಸಿಗೆ. ಹೆಡ್ ನರ್ಸ್ ತಾವೇ ಪಂಪು ಆರಿಸಿ ಹಚ್ಚಿದರು, ನೀರಿನ ಚೀಲವೊಂದನ್ನು ಸಿಕ್ಕಿಸಿದರು, ಕೊಳವೆಯನ್ನು ಬೆರಳಲ್ಲಿ ಮಡಚಿ ಹಿಡಿದರು. ಪಂಪು ತನ್ನಷ್ಟಕ್ಕೆ ಕಿರ್ರೆಂದು ಕೂಗಿತು. ಎಲ್ಲರೂ ಟೇಬಲ್ಲಿನ ಕಡೆ ತಿರುಗಿದರು.

ಅಲ್ಲಿ ಸದ್ದಿಲ್ಲ.

"ಇನ್ನೊಂದು ಸಲ," ಎಂದರು ಮುಖ್ಯಸ್ಥರು. ನರ್ಸ್ ಇನ್ನೊಂದು ಸಲ ಮಾಡಿದರು. ಪಂಪು ಕೂಗುತ್ತಲೇ ಇತ್ತು, ಟೇಬಲ್ಲು ಕಿವುಡಾಗಿತ್ತು.

ತಾನು ಹೇಳಿದ್ದು ನಿಜವಾಯಿತೆಂಬ ಸಮಾಧಾನ ಬರಬಹುದೆಂದುಕೊಂಡಿದ್ದಳು. ಬರಲಿಲ್ಲ. ಹಾಸಿಗೆಗಳ ಬಳಿಯಿಂದ ಯಾರೂ ಕದಲಬೇಡಿ ಎಂದು ಹೆಡ್ ನರ್ಸ್ ಕೂಗಿ ಹೇಳುತ್ತಿರುವಾಗಲೇ ಅವಳೂ ಮುಖ್ಯಸ್ಥರೂ ಲಿಫ್ಟಿಗೆ ಕಾಯದೆ ಮೆಟ್ಟಿಲು ಹಿಡಿದರು. ನೆಲಮಾಳಿಗೆಯಲ್ಲಿ ಮುಖ್ಯಸ್ಥರು ಮೊಣಕಾಲೂರಿ, ಟಾರ್ಚ್ ಹಿಡಿದು, ಹಳೆಯ ಸ್ವಿಚ್‌ಗಳಿದ್ದ ಜಾಗದ ಹಿಂದೆ ತಲೆ ತೂರಿಸಿದರು. ಅಂಗೈಯಷ್ಟಗಲದ ಒಂದು ಪೆಟ್ಟಿಗೆ ಧೂಳಿನಲ್ಲಿ ಹೂತು ಕೂತಿತ್ತು. ಅದರ ತಂತಿ ಹಳೆಯ ಸ್ವಿಚ್ಚಿನ ಜೊತೆಗೇ ಹೋಗಿ ದೀಪ ಆರಿತ್ತು. ಯಾವ ಕಾಲದಲ್ಲಿ ಯಾರು ಇಟ್ಟದ್ದೋ, ವಿಳಾಸ ಕೇಳುವ ಐಸಿಯುವಿನ ಕೂಗನ್ನು ದಾಟಿಸುತ್ತಿದ್ದದ್ದು ಅದೇ.

"ಸೇರಿಸು ಆ ಸಾಲು," ಎಂದರು ಮುಖ್ಯಸ್ಥರು. ಅವಳ ಬೆರಳು ಎರಡು ಸಲ ತಪ್ಪಿದ್ದನ್ನು ಕಂಡು ಪಕ್ಕದಲ್ಲಿ ಕೂತು ಒಂದೊಂದೇ ಪದ ಓದಿ ಹೇಳಿದರು. ಮುಗಿದ ಮೇಲೆ ಅವಳು ಮೇಲಕ್ಕೆ ಫೋನು ಮಾಡಿದಳು. "ಈಗ ಆರಿಸಿ ಹಚ್ಚಿ."

ಆ ಕಡೆಯಿಂದ ಗುಂಡಿ ಒತ್ತಿದ ಸದ್ದು. ಆಮೇಲೆ ಪಂಪಿನ ಕಿರ್ರು. ಅದರ ಬೆನ್ನಿಗೇ ಟೇಬಲ್ಲಿನ ಗಂಟೆ.

"ಬಂತಮ್ಮಾ," ಎಂದರು ಹೆಡ್ ನರ್ಸ್.

ಮುಖ್ಯಸ್ಥರು ಪ್ಯಾಂಟಿನ ಧೂಳು ಕೊಡವುತ್ತ ನಿಂತಿದ್ದರು. "ನಿನ್ನೆ ನಿನ್ನ ಫೋನು ಎತ್ತೋದೇ ಬೇಡ ಅಂದ್ಕೊಂಡಿದ್ದೆ," ಎಂದರು. ಟಾರ್ಚ್ ಆರಿಸಿದರು.

ಪ್ರತಿ ಮಹಡಿಯಲ್ಲೂ ಒಂದೊಂದು ಸಾಧನ ಆಫ್ ಮಾಡಿ ಮತ್ತೆ ಹಚ್ಚಿ ನೋಡಿದ ಮೇಲೆ ಎಲ್ಲರೂ ಹೊರಟರು. ಅವಳು ಹೊರಡಲಿಲ್ಲ. ಐಸಿಯುವಿನ ಹೊರಗಿನ ಬೆಂಚಿನ ಮೇಲೆ ಕೂತಳು. ಖಾಲಿ ಹಾಸಿಗೆಯಲ್ಲಿ ನೀರಿನ ಚೀಲ ಕಟ್ಟಿ ನೋಡಿದ್ದೂ ಒಂದು ಲ್ಯಾಬೇ ಅಲ್ಲವೇ? ನಿಜವಾದ ಪಂಪು, ನಿಜವಾದ ರೋಗಿಗೆ, ನಿಜವಾಗಿ ಹತ್ತುವುದನ್ನು ಕಾಣದೆ ಅವಳ ಅನುಮಾನ ಬಿಡುವಂತಿರಲಿಲ್ಲ. ಅದಕ್ಕೆ ಯಾರಾದರೂ ಬರಬೇಕು. ಯಾರಿಗೋ ಏನೋ ಆಗಲಿ ಎಂದು ಕಾಯುತ್ತಿದ್ದೇನಲ್ಲ ಎಂದು ಹೊಳೆದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಏಳಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಗಾಲಿಮಂಚದ ಸದ್ದು ಕೇಳಿತು. ಬಿಳಿ ಜಡೆಯ ಒಬ್ಬ ಅಜ್ಜಿ. ಜೊತೆಗೆ ಬಂದ ಮಗಳನ್ನು ಬಾಗಿಲಲ್ಲೇ ತಡೆದರು. ಆ ಹೆಂಗಸು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, "ನಿಮ್ಮವರು ಯಾರು ಒಳಗಿರೋದು?" ಎಂದು ಕೇಳಿದಳು.

ಅವಳು ತನ್ನ ಗುರುತಿನ ಚೀಟಿ ತೋರಿಸಿದಳು. "ನಾನು ಇಲ್ಲೇ ಕೆಲಸ ಮಾಡೋದು," ಎಂದಳು.

ಗಾಜಿನಾಚೆ ನರ್ಸ್ ಪಂಪು ಹಚ್ಚುವುದು ಕಾಣುತ್ತಿತ್ತು. ಟೇಬಲ್ಲಿನ ಪರದೆಯಲ್ಲಿ ಹೊಸದೊಂದು ಹಸಿರು ಸಾಲು ಮೂಡಿತು. ಇಬ್ಬರೂ ಹೆಂಗಸರು ಒಂದೇ ಕಡೆ ನೋಡುತ್ತ ಕೂತರು. ಬಹಳ ಹೊತ್ತಾದ ಮೇಲೆ ಟೇಬಲ್ಲಿನ ಗಂಟೆ ಹೊಡೆದುಕೊಂಡಿತು. ಮಗಳು ಬೆಚ್ಚಿ ಎದ್ದು ನಿಂತಳು.

"ಗಾಬರಿ ಬೇಡ," ಎಂದಳು ಅವಳು, ತಾನೂ ಎದ್ದು ಆಕೆಯ ತೋಳು ಹಿಡಿದು. "ಚೀಲ ಖಾಲಿಯಾಗಿರುತ್ತೆ. ನೋಡಿ, ಅವರಿಗೆ ಕೇಳಿಸಿದೆ."

ಒಳಗೆ ಒಬ್ಬ ನರ್ಸ್ ಬರೆಯುತ್ತಿದ್ದದ್ದನ್ನು ಬಿಟ್ಟು, ಹೊಸ ಚೀಲ ಕೈಗೆತ್ತಿಕೊಂಡು, ಅವಸರವಿಲ್ಲದ ಹೆಜ್ಜೆಯಲ್ಲಿ ಅಜ್ಜಿಯ ಹಾಸಿಗೆಯ ಕಡೆ ನಡೆದಳು.